ಮರದ ಅಡಿ ಎರಡು ಥರ: ಕಾಲು ಸುತ್ತಳತೆ ಎಲ್ಲಿಂದ ಬಂತು?

ಮರದ ವ್ಯಾಪಾರಿ ದಿಮ್ಮಿಗೆ ಟೇಪು ಸುತ್ತಿ, ಬಂದ ಅಳತೆನ ನಾಲ್ಕರಿಂದ ಭಾಗಿಸಿ "ಇಷ್ಟು ಅಡಿ" ಅಂತಾನಲ್ಲ, ಆ ಲೆಕ್ಕ ಬಹಳ ಹಳೇದು.

ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ ಎಂಬ ಅಳತೆಗಾರ 1736ರಲ್ಲಿ ಮರದ ಅಳತೆಯ ಕೋಷ್ಟಕಗಳ ಪುಸ್ತಕ ತಂದ. ಸುತ್ತಳತೆಯ ಕಾಲು ಭಾಗವನ್ನು ಚೌಕದ ಒಂದು ಬದಿ ಅಂತ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸೋದು. ದುಂಡು ಮರ ಕೊಯ್ದು ಚೌಕ ಮಾಡುವಾಗ ಹೋಗೋ ಹೊರಪಟ್ಟಿ, ಹೊಟ್ಟು ಇದರಲ್ಲಿ ಮೊದಲೇ ಕಳೆದಿರ್ತದೆ. ಅಳೆಯೋಕೆ ಒಂದು ಹಗ್ಗ ಸಾಕು. ಬ್ರಿಟಿಷರ ಜೊತೆ ಇದು ಭಾರತ, ಬರ್ಮಾದ ತೇಗದ ವ್ಯಾಪಾರಕ್ಕೂ ಬಂತು. 1956ರ ಕಾಯ್ದೆಯಿಂದ ಮೀಟರ್ ಬಂದರೂ ಹಳೇ ಅಡಿ ಹೋಗಲಿಲ್ಲ.

ಸುತ್ತಳತೆ 4 ಅಡಿ, ಉದ್ದ 10 ಅಡಿಯ ದಿಮ್ಮಿ ನೋಡಿ. ಕಾಲು ಭಾಗ 1 ಅಡಿ. 1×1×10 = 10 ಹೊಪ್ಪಸ್ ಅಡಿ. ನಿಜವಾಗಿ ಅದರಲ್ಲಿರೋದು 12.73 ಘನ ಅಡಿ. ನೂರಕ್ಕೆ 21 ಪಾಲು ಲೆಕ್ಕದ ಹೊರಗೆ.

ದರವೂ ಅದೇ ಅಡಿಗೆ ಮಾತಾಡಿದ್ರೆ ತಕರಾರಿಲ್ಲ. ನಷ್ಟ ಆಗೋದು ಎರಡು ಕಡೆ. ಒಂದು, ಕಾಲು ಲೆಕ್ಕ ಹಾಕಿದ ಮೇಲೂ "ಕೊಯ್ಯುವಾಗ ಹೋಗ್ತದೆ" ಅಂತ ಮತ್ತೆ ಕಳೆಯೋದು. ಎರಡು, ಘನ ಮೀಟರಿಗೆ ತಿರುಗಿಸೋದು. 1 ಘನ ಮೀಟರಿಗೆ ಘನ ಅಡಿ 35.3, ಆದರೆ ಹೊಪ್ಪಸ್ ಅಡಿ 27.7 ಮಾತ್ರ. 100 ಹೊಪ್ಪಸ್ ಅಡಿ ಅಂದ್ರೆ 3.6 ಘನ ಮೀಟರ್. ಅದನ್ನೇ 35.3ರಿಂದ ಭಾಗಿಸಿದ್ರೆ 2.83. ಮುಕ್ಕಾಲು ಘನ ಮೀಟರ್ ಮರ ಕಾಗದದಲ್ಲೇ ಮಾಯ!

ಮರ ಕೊಡೋರು ದರಕ್ಕೂ ಮೊದಲು "ಯಾವ ಅಡಿ?" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.