ಗಡಿ ಸೀಮೆಯ ಶುಶ್ರೂಷಕಿಯರು ಮತ್ತು ಐರ್ಲೆಂಡಿನ ಹಾದಿ

ಕರ್ನಾಟಕದ ಗಡಿಗೆ ಹೊಂದಿದ ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯು 1965ರವರೆಗೆ ಸೇಲಂ ಜಿಲ್ಲೆಗೂ, ಅನಂತರ 2004ರಲ್ಲಿ ಕೃಷ್ಣಗಿರಿ ಜಿಲ್ಲೆ ರಚನೆಯಾಗುವವರೆಗೆ ಧರ್ಮಪುರಿ ಜಿಲ್ಲೆಗೂ ಸೇರಿದ್ದು, ಇಲ್ಲಿನ ಕನ್ನಡಿಗರ ಜಿಲ್ಲಾ ಕಚೇರಿಯ ವ್ಯವಹಾರಗಳು ಆ ಊರುಗಳಲ್ಲಿ ನಡೆದರೂ ದೊಡ್ಡಾಸ್ಪತ್ರೆಯ ಅಗತ್ಯ ಬಿದ್ದಾಗ ಅವರಿಗೆ ಬೆಂಗಳೂರೇ ಹತ್ತಿರವಾಗಿತ್ತು. ಗುಡ್ ಶೆಫರ್ಡ್ ಸಂನ್ಯಾಸಿನಿಯರು 1886ರಲ್ಲಿ ಆರಂಭಿಸಿದ ಸೇಂಟ್ ಮಾರ್ಥಾಸ್ ಆಸ್ಪತ್ರೆಯೂ 1900ರ ವಿಕ್ಟೋರಿಯಾ ಆಸ್ಪತ್ರೆಯೂ ಅಲ್ಲಿದ್ದವು. ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದದ್ದು 2008ರಲ್ಲಷ್ಟೇ. ಹೀಗಿರುವಾಗ ಈ ಸೀಮೆಯ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ರಾಜ್ಯದ ಗಡಿ ದಾಟುವುದು ಸಹಜವೇ ಆಗಿದೆ.

ಕಲಿಕೆಗಾಗಿಯೇ ಗಡಿ ದಾಟುವ ಈ ಸ್ಥಿತಿ ಐರ್ಲೆಂಡಿನ ಹೆಣ್ಣುಮಕ್ಕಳಿಗೂ ಹೊಸದಲ್ಲ. 1948ರಲ್ಲಿ ಬ್ರಿಟನ್ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ ಅದರ ವಾರ್ಡುಗಳಲ್ಲಿ ದುಡಿಯಲು ಸಾವಿರಾರು ಐರಿಷ್ ಯುವತಿಯರು ಸಮುದ್ರ ದಾಟಿದರು. ಸ್ವದೇಶದ ಅನೇಕ ಆಸ್ಪತ್ರೆಗಳಲ್ಲಿ ತರಬೇತಿಗೆ ಹೆತ್ತವರೇ ಹಣ ಕಟ್ಟಬೇಕಿದ್ದರೆ, ಇಂಗ್ಲೆಂಡಿನಲ್ಲಿ ಊಟ ವಸತಿಯ ಜೊತೆಗೆ ಸಣ್ಣದೊಂದು ಭತ್ಯೆಯೂ ದೊರೆಯುತ್ತಿತ್ತು. ಮದುವೆಯಾದ ಹೆಣ್ಣು ಸರ್ಕಾರಿ ಕೆಲಸ ಬಿಡಬೇಕೆಂಬ ನಿಯಮವನ್ನು ಐರ್ಲೆಂಡ್ 1973ರವರೆಗೂ ಉಳಿಸಿಕೊಂಡಿತ್ತು. ಹಗಲಿರುಳು ರೋಗಿಗಳ ಆರೈಕೆ ಮಾಡಿ, ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೆ ಕಳಿಸುತ್ತಿದ್ದ ಇವರಲ್ಲಿ, ಐರಿಷರೆಂಬ ಕಾರಣಕ್ಕೇ ಬಾಡಿಗೆ ಮನೆ ಸಿಗದೆ ಅಲೆದವರೂ ಇದ್ದರು.

ಅದೇ ಐರ್ಲೆಂಡ್ 2000ದ ಆಸುಪಾಸಿನಿಂದ ಫಿಲಿಪ್ಪೀನ್ಸ್ ಮತ್ತು ಭಾರತದ ಶುಶ್ರೂಷಕಿಯರನ್ನು ಕರೆಸಿಕೊಳ್ಳುತ್ತಿದೆ. ಅಲ್ಲಿನ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯಾಗಲು ಇಂಗ್ಲಿಷ್ ಪರೀಕ್ಷೆ ಮುಗಿಸಿ, ಆಸ್ಪತ್ರೆಯೊಂದರಲ್ಲಿ ಹೊಂದಾಣಿಕೆಯ ತರಬೇತಿ ಪಡೆಯಬೇಕು ಇಲ್ಲವೇ ಅರ್ಹತಾ ಪರೀಕ್ಷೆಯಲ್ಲಿ ಗೆಲ್ಲಬೇಕು. ಗಡಿ ಸೀಮೆಯವರಿಗೆ ನಿಜವಾದ ತೊಡಕು ಕಾಗದಪತ್ರದ್ದು: ಶಾಲೆಯ ಅಂಕಪಟ್ಟಿ ತಮಿಳುನಾಡಿನದು, ನೋಂದಣಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನದು, ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದೇ ಇನಿಷಿಯಲ್ ಇದ್ದರೆ ಪಾಸ್‌ಪೋರ್ಟಿನಲ್ಲಿ ಅದು ಪೂರ್ಣ ಹೆಸರಾಗಿರುತ್ತದೆ; ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿ ರುಜುವಾತುಪಡಿಸಬೇಕಾಗುತ್ತದೆ. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬೆಳೆದವಳು ರೋಗಿಯ ನೋವನ್ನು ಅವನ ನುಡಿಯಲ್ಲೇ ಕೇಳಬಲ್ಲಳು. ಈ ಸಾಮರ್ಥ್ಯಕ್ಕೆ ಯಾವ ಪ್ರಮಾಣಪತ್ರದಲ್ಲೂ ಜಾಗವಿಲ್ಲದಿರುವುದು ಅನ್ಯಾಯವೇ ಸರಿ.

ಐರ್ಲೆಂಡಿನ ಬದಲು ಕೊಲ್ಲಿ ದೇಶಗಳಿಗೆ ಹೊರಡುವ ಶುಶ್ರೂಷಕಿಯರು ಖಾಸಗಿ ದಳ್ಳಾಳಿಗಳಿಂದ ಸುಲಿಗೆಗೊಳಗಾದ ಪ್ರಕರಣಗಳು ಹೆಚ್ಚಿದ್ದರಿಂದ, ಕೇಂದ್ರ ಸರ್ಕಾರ 2015ರಲ್ಲಿ ಅಲ್ಲಿನ ನೇಮಕಾತಿಯನ್ನು ಗೊತ್ತುಪಡಿಸಿದ ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ತಮಿಳುನಾಡಿನಲ್ಲಿ ಅಂಥದ್ದು ಚೆನ್ನೈನ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್. ಈ ಸೀಮೆಯ ಕನ್ನಡ ಸಂಘಗಳು ಇಂಥ ಮಾಹಿತಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿ, ದಾಖಲೆ ತಿದ್ದಿಸಲು ನೆರವಾಗಿ, ಈಗಾಗಲೇ ಸೇವೆ ಮುಗಿಸಿದ ಶುಶ್ರೂಷಕಿಯರು ಕಲಿತ ಶಾಲೆ, ದುಡಿದ ಆಸ್ಪತ್ರೆ, ವರ್ಷಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಡಬೇಕು.