ಡೈನಮೊ ನಡೆದು ಬಂದ ದಾರಿ

ಚುಂಚನಕಟ್ಟೆಯ ಕೋದಂಡರಾಮಸ್ವಾಮಿಯ ಗರ್ಭಗುಡಿಯಲ್ಲಿ ನಿಂತರೆ, ಹೊರಗೆ ಧುಮುಕುವ ಕಾವೇರಿಯ ಸದ್ದು ಕೇಳಿಸುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಸಂಕ್ರಾಂತಿಯ ಕಾಲದ ದನಗಳ ಜಾತ್ರೆ ನೋಡಿಕೊಂಡು ಹೊರಟ ಒಂದು ಇರುಳು ನನಗೆ ಹೊರಗೂ ಆ ಸದ್ದು ಕೇಳಿಸಲಿಲ್ಲ. ಗಮನವೆಲ್ಲ ಕಾರಿನ ದೀಪಗಳ ಮೇಲಿತ್ತು. ಕೃಷ್ಣರಾಜನಗರ ಸೇರುವ ಹೊತ್ತಿಗೆ ಅವು ಹರಳೆಣ್ಣೆಯ ಹಣತೆಯಂತೆ ಮಂಕಾದವು. ಕಾರು ನಮ್ಮ ತಂದೆಯವರ ಹಳೆಯ ಅಂಬಾಸಡರ್. ಹಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದುದನ್ನು ಅವರ ಜಾತ್ರೆಯ ಆಸೆಗಾಗಿ ಹೊರಕ್ಕೆ ತೆಗೆದಿದ್ದೆವು. ಅದಾಗಲೇ ಎರಡು ಹೊಸ ಬ್ಯಾಟರಿ ಕೊಂಡಾಗಿತ್ತು. "ಗುಜರಿಗೆ ಹಾಕಿಬಿಡೋಣ" ಎಂದು ನನ್ನ ತಮ್ಮ ಹೇಳಿದ, ತಂದೆಯವರು ಮಾತನಾಡಲಿಲ್ಲ.

ಈ ತೊಡಕಿನ ಮೂಲ 1831ರಲ್ಲಿದೆ. ಆ ವರ್ಷ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಅಯಸ್ಕಾಂತದ ಬಳಿ ತಾಮ್ರವನ್ನು ಚಲಿಸಿದರೆ ಅದರಲ್ಲಿ ವಿದ್ಯುತ್ತು ಹರಿಯುವುದೆಂದು ತೋರಿಸಿಕೊಟ್ಟನು. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಪಿಕ್ಸೀ ಎಂಬಾತ ಕೈಯಿಂದ ತಿರುಗಿಸುವ ಯಂತ್ರವನ್ನು ಮಾಡಿದ. ಆದರೆ ಆ ಕಾಲದ ಯಂತ್ರಗಳಿಗೆಲ್ಲ ಭಾರವಾದ ಶಾಶ್ವತ ಅಯಸ್ಕಾಂತಗಳು ಬೇಕಾಗಿದ್ದವು. ಅವುಗಳ ಶಕ್ತಿಯೂ ಅಷ್ಟಕ್ಕಷ್ಟೆ. 1866-67ರ ಸುಮಾರಿನಲ್ಲಿ ಜರ್ಮನಿಯ ವರ್ನರ್ ಸೀಮೆನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಮತ್ತು ವಾರ್ಲಿ ಒಬ್ಬರಿಗೊಬ್ಬರು ಅರಿಯದೆ ಒಂದೇ ಉಪಾಯವನ್ನು ಕಂಡರು. ಒಮ್ಮೆ ಕಾಂತವಾದ ಕಬ್ಬಿಣದಲ್ಲಿ ಕಾಂತತ್ವದ ಎಳೆಯೊಂದು ಉಳಿದಿರುತ್ತದೆ. ಅದರ ನಡುವೆ ತಂತಿಯ ಸುರುಳಿ ತಿರುಗಿದರೆ ಹನಿಯಷ್ಟು ವಿದ್ಯುತ್ತು ಹುಟ್ಟುತ್ತದೆ. ಆ ಹನಿಯನ್ನೇ ಕಬ್ಬಿಣಕ್ಕೆ ಸುತ್ತಿದ ತಂತಿಗೆ ಮರಳಿ ಕೊಟ್ಟರೆ ಕಾಂತತ್ವ ಬೆಳೆಯುತ್ತದೆ, ವಿದ್ಯುತ್ತೂ ಬೆಳೆಯುತ್ತದೆ. ಹೆಪ್ಪಿಗೆಂದು ಉಳಿಸಿದ ಒಂದು ಚಮಚ ಮೊಸರು ಕೊಡದ ಹಾಲನ್ನೆಲ್ಲ ಮೊಸರಾಗಿಸುವಂತೆ. 'ಬಲ' ಎಂಬರ್ಥದ ಗ್ರೀಕ್ ಪದದಿಂದ ಡೈನಮೊ ಎಂಬ ಹೆಸರು ಬಂತು. 'ವಿದ್ಯುಜ್ಜನಕ' ಎಂಬ ಪದವನ್ನು ನಾನು ತರಗತಿಯಲ್ಲಿ ಅಭಿಮಾನದಿಂದ ಹೇಳುತ್ತಿದ್ದುಂಟು. ಗ್ಯಾರೇಜಿನಲ್ಲಿ ಅದು ಯಾರಿಗೂ ಬೇಡ.

ನಮ್ಮ ಸೀಮೆಗೆ ಈ ವಿದ್ಯೆ ಬೇಗ ಬಂತು. ಚುಂಚನಕಟ್ಟೆಯಲ್ಲಿ ಧುಮುಕಿದ ಕಾವೇರಿ ಕೆಳಗೆ ಶಿವನಸಮುದ್ರದಲ್ಲಿ ಮತ್ತೆ ಧುಮುಕುತ್ತಾಳಷ್ಟೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯಿಂದ 1902ರಲ್ಲಿ ಅಲ್ಲಿನ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಹಳ್ಳಿಗಳ ಮಾತು ಬೇರೆ. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದಾಗ ಸುತ್ತಣ ಊರುಗಳಲ್ಲಿ ಬಹುಪಾಲಿಗೆ ಕರೆಂಟು ಇರಲಿಲ್ಲ. ಮುಂದೆಯೂ ಬಹುಕಾಲ ಅಂಥ ಕಡೆ ರೇಡಿಯೊ ನಡೆದದ್ದು ಬ್ಯಾಟರಿಯಿಂದಲೇ. ತಂದೆಯವರ ಹುಡುಗತನದಲ್ಲಿ ನಮ್ಮ ಮನೆಯ ರೇಡಿಯೊಗೆ ಕಾರಿನ ಬ್ಯಾಟರಿಯಿತ್ತಂತೆ. ಅದನ್ನು ಎತ್ತಿನ ಗಾಡಿಯಲ್ಲಿಟ್ಟು ಪೇಟೆಗೆ ಒಯ್ದು ಚಾರ್ಜು ಮಾಡಿಸಿ ತರುತ್ತಿದ್ದರಂತೆ.

ಮೊದಮೊದಲ ಮೋಟಾರುಗಳಿಗೆ ಕಾರ್ಬೈಡ್ ದೀಪ. ಹೊರಡಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದಮೇಲೆ, ಬ್ಯಾಟರಿಯೂ ಅದನ್ನು ತುಂಬುವ ಯಂತ್ರವೂ ಕಾರಿನ ಅಂಗಗಳೇ ಆದವು.

ಪೇಟೆಯ ಹಳೆಯ ಮೆಕ್ಯಾನಿಕ್ ಸಾಹೇಬರು ನಮ್ಮ ಕಾರನ್ನು ನೋಡಿ, "ಮೇಷ್ಟ್ರೇ, ಬ್ಯಾಟ್ರಿ ಬದಲಾಯ್ಸಿದ್ರೆ ಏನ್ ಬಂತು? ತುಂಬ್ಸೋನು ಮಲಗವ್ನಲ್ಲ" ಎಂದರು. ಬೆಲ್ಟು ಬಿಗಿಯಾಗಿಯೇ ಇತ್ತು. ಎಂಜಿನ್ ಎಷ್ಟು ಜೋರಾಗಿ ತಿರುಗಿದರೂ ಆಮೀಟರಿನ ಮುಳ್ಳು ಖರ್ಚಿನ ಕಡೆಗೇ ವಾಲಿತ್ತು. ತಪ್ಪು ಡೈನಮೊದ್ದೋ, ಅದರ ಮುಂದಿನ ರೆಗ್ಯುಲೇಟರು-ಕಟೌಟಿನ ಪೆಟ್ಟಿಗೆಯದೋ? ಅವರು ಡೈನಮೊದ ಎರಡು ತಂತಿಗಳನ್ನೂ ಬಿಚ್ಚಿ, ಆ ಎರಡು ಮೊಳೆಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಡೈನಮೊದ ಮೈಗೆ ಒಂದು ಚಿಕ್ಕ ಬಲ್ಬು ಹಿಡಿದರು. ಎಂಜಿನನ್ನು ಮೆಲ್ಲಗೆ ಏರಿಸಿದೆ. ಬಲ್ಬು ಕಣ್ಣು ಬಿಡಲಿಲ್ಲ. ಅಂದಮೇಲೆ ಪೆಟ್ಟಿಗೆಯ ಪಾಲು ಏನಿದ್ದರೂ ಆಮೇಲಿನ ಮಾತು. ಮೊದಲ ತಪ್ಪು ಡೈನಮೊದ್ದೇ. ಇಂಗಾಲದ ಬ್ರಷ್ಷುಗಳನ್ನು ತೆಗೆದು ನೋಡಿದರು, ಸವೆದಿರಲಿಲ್ಲ. ಅವು ಉಜ್ಜುವ ತಾಮ್ರದ ಪಟ್ಟಿಗಳು ಕಪ್ಪಾಗಿದ್ದವು. ನುಣ್ಣನೆಯ ಮರಳು ಕಾಗದದಿಂದ ಒರೆಸಿದರು. ಆದರೂ ಕತ್ತಲೆಯೇ.

ಆಗ ಎಂಜಿನ್ ನಿಲ್ಲಿಸಿ, ಕೂಡಿಸಿದ್ದ ತಂತಿಯನ್ನು ತೆಗೆದು, ಬ್ಯಾಟರಿಯ ಜೀವತಂತಿಯಿಂದ ಡೈನಮೊದ ಫೀಲ್ಡ್ ಮೊಳೆಗೆ ಎರಡು ಸಲ, ಕ್ಷಣಮಾತ್ರ, ಮುಟ್ಟಿಸಿದರು. ಕಿಡಿ ಹಾರಿತು. ಮತ್ತೆ ತಂತಿ ಕೂಡಿಸಿ ಎಂಜಿನ್ ನಡೆಸಿದರೆ ಬಲ್ಬು ಕೆಂಪಾಗಿ, ಹಳದಿಯಾಗಿ, ಬೆಳ್ಳಗೆ ಬೆಳಗಿತು. "ಸಾಕು, ಸಾಕು, ಇಳ್ಸಿ!" ಎಂದರು. ಹಿಡಿತವಿಲ್ಲದ ಡೈನಮೊದ ವೋಲ್ಟು ಏರುತ್ತಲೇ ಹೋಗಿ ಬಲ್ಬೂ ಸುರುಳಿಯೂ ಸುಡಬಹುದು. ಬಹುಕಾಲ ನಿಂತ ಕಬ್ಬಿಣದಲ್ಲಿ ಸೀಮೆನ್ಸನ ಆ ಎಳೆ ಆರಿಹೋಗಿತ್ತು, ಹೆಪ್ಪು ಹಾಕಿದಂತಾಯಿತು. ಸಾಹೇಬರು ಸೀಮೆನ್ಸನ ಹೆಸರು ಕೇಳಿದವರಲ್ಲ. "ನಮ್ಮ ಉಸ್ತಾದ್ ಹಿಂಗೇ ಮಾಡ್ತಿದ್ರು" ಎಂದಷ್ಟೇ ಹೇಳಿದರು.

1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಹಾಕಿತು. ಎಂಜಿನ್ ಮೆಲ್ಲಗೆ ತಿರುಗುವಾಗಲೂ ಅದು ಚೆನ್ನಾಗಿ ಚಾರ್ಜು ಕೊಡುತ್ತದೆ. ಕಾಲಕ್ರಮದಲ್ಲಿ ಡೈನಮೊ ಹಿಂದೆ ಸರಿಯಿತು. ಅಂಬಾಸಡರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡುವಾಗ ಈಗ ನಾನು ಹಿತ್ತಾಳೆಯ ಹೊಳಪಿಗಿಂತ ಬಾನೆಟ್ಟಿನ ಒಳಗನ್ನೇ ಇಣುಕಲು ಹವಣಿಸುತ್ತೇನೆ.

ಆ ಸಂಜೆ ತಂದೆಯವರು ಮುಂದಿನ ಸೀಟಿನಲ್ಲಿ ಕುಳಿತು, "ಕಟ್ಟೆ ಕಡೆ ಇನ್ನೊಂದ್ ಸಲ ಹೋಗ್ಬರೋಣ ಕಣೋ" ಎಂದರು. ದೀಪ ಹಾಕಿ ಹೊರಟೆವು. ಮುಳ್ಳು ಜಮೆಯ ಕಡೆಗಿತ್ತು. ದಾರಿಯುದ್ದಕ್ಕೂ ಅವರು ರಸ್ತೆ ನೋಡಲಿಲ್ಲ, ಅದನ್ನೇ ನೋಡುತ್ತಿದ್ದರು.