ವಿದ್ಯಾರ್ಥಿ ವರ್ತನೆಯ ವಸ್ತುನಿಷ್ಠ ವೀಕ್ಷಣೆ

ವಿದ್ಯಾರ್ಥಿ ವರ್ತನೆಯ ವಸ್ತುನಿಷ್ಠ ವೀಕ್ಷಣೆ ಎಂದರೆ ತರಗತಿಯಲ್ಲಿ, ಆಟದ ಮೈದಾನದಲ್ಲಿ ಅಥವಾ ಶಾಲೆಯ ಇತರ ಚಟುವಟಿಕೆಗಳಲ್ಲಿ ಮಗು ಮಾಡಿದ್ದನ್ನೂ ಆಡಿದ್ದನ್ನೂ ಶಿಕ್ಷಕರು ಸ್ವಂತ ಅಭಿಪ್ರಾಯವನ್ನು ಬೆರೆಸದೆ ಗಮನಿಸಿ, ಬರೆದಿಟ್ಟು, ಮೌಲ್ಯಮಾಪನಕ್ಕೆ ಆಧಾರವಾಗಿ ಬಳಸುವ ವಿಧಾನ. ಸಹಕಾರ, ಏಕಾಗ್ರತೆ, ಪ್ರಶ್ನಿಸುವ ಸ್ವಭಾವ, ಮಾತುಗಾರಿಕೆ, ಕೈಕೆಲಸದ ಕೌಶಲ ಮುಂತಾದ, ಲಿಖಿತ ಪರೀಕ್ಷೆಯ ಅಳತೆಗೆ ಸಿಗದ ಗುಣಗಳನ್ನು ತಿಳಿಯಲು ಇದು ಮುಖ್ಯ ಸಾಧನವಾಗಿದೆ. ಶಿಕ್ಷಣ ಮನೋವಿಜ್ಞಾನದಲ್ಲಿಯೂ ಶಿಕ್ಷಕರ ತರಬೇತಿಯಲ್ಲಿಯೂ ಇದನ್ನು ‘ಅವಲೋಕನ’ ಎಂದೂ ಕರೆಯುತ್ತಾರೆ.

ಹಿನ್ನೆಲೆ

ಮಕ್ಕಳ ವರ್ತನೆಯನ್ನು ಕ್ರಮವಾಗಿ ಬರೆದಿಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗನ ಶೈಶವವನ್ನು ಕುರಿತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಜರ್ಮನಿಯ ವಿಲ್ಹೆಲ್ಮ್ ಪ್ರೇಯರ್ 1882ರಲ್ಲಿ ತನ್ನ ಮಗನ ದಿನಚರಿಯನ್ನು ಆಧರಿಸಿ ಗ್ರಂಥವನ್ನು ರಚಿಸಿದನು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯ ಶೈಶವದ ಬಗೆಗಿನ ಸಿದ್ಧಾಂತಗಳಿಗೂ ಅವನ ಮೂವರು ಮಕ್ಕಳ ವೀಕ್ಷಣೆಯೇ ಆಧಾರವಾಗಿತ್ತು. 1932ರಲ್ಲಿ ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಶಿಶುವಿಹಾರದ ಮಕ್ಕಳನ್ನು ನಿಗದಿತ ಕಾಲಾವಧಿಗಳಲ್ಲಿ ಗಮನಿಸಿ, ಒಂಟಿ ಆಟ, ಸಮಾನಾಂತರ ಆಟ, ಸಹಕಾರಿ ಆಟ ಮುಂತಾಗಿ ವರ್ಗೀಕರಿಸಿದಳು. ಮುಂದೆ ನೆಡ್ ಫ್ಲ್ಯಾಂಡರ್ಸ್ ರೂಪಿಸಿದ ಕ್ರಮದಲ್ಲಿ ವೀಕ್ಷಕನು ಪ್ರತಿ 3 ಸೆಕೆಂಡಿಗೊಮ್ಮೆ ತರಗತಿಯ ಸಂವಹನವನ್ನು 10 ವರ್ಗಗಳಲ್ಲಿ ಒಂದಕ್ಕೆ ಸೇರಿಸಿ ಗುರುತಿಸುತ್ತಾನೆ. ಈ ಕ್ರಮವು ಭಾರತದ ಶಿಕ್ಷಕ ಶಿಕ್ಷಣದ ಪಠ್ಯಗಳಲ್ಲಿಯೂ ಸ್ಥಾನ ಪಡೆದಿದೆ.

ಕರ್ನಾಟಕದಲ್ಲಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ವೀಕ್ಷಣೆಯನ್ನು ದೈನಂದಿನ ಬೋಧನೆಯ ಭಾಗವಾಗಿಸಿದ ಪ್ರಯೋಗಗಳಲ್ಲಿ ‘ನಲಿ-ಕಲಿ’ ಪ್ರಮುಖವಾದುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಕ್ಕಳು ತಮ್ಮ ವೇಗಕ್ಕೆ ತಕ್ಕಂತೆ ಕಲಿಕಾ ಏಣಿಯ ಮೆಟ್ಟಿಲುಗಳನ್ನು ಏರುತ್ತಾರೆ. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಸ್ಥಾನ ಬದಲಿಸುತ್ತಾರೆ. ಯಾವ ಮಗು ಯಾವ ಗುಂಪಿನಲ್ಲಿ ಕೂರಬೇಕೆಂಬುದನ್ನು ಶಿಕ್ಷಕರ ದಿನನಿತ್ಯದ ಗಮನಿಕೆಯೇ ನಿರ್ಧರಿಸುವುದರಿಂದ ಇಲ್ಲಿ ದಾಖಲೆಯು ಬೋಧನೆಯಿಂದ ಬೇರೆಯಾದುದಲ್ಲ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 29ನೆಯ ಪ್ರಕರಣವು ಮಗುವಿನ ತಿಳಿವಳಿಕೆ ಮತ್ತು ಅದನ್ನು ಅನ್ವಯಿಸುವ ಸಾಮರ್ಥ್ಯವನ್ನು ವ್ಯಾಪಕವಾಗಿಯೂ ನಿರಂತರವಾಗಿಯೂ ಮೌಲ್ಯಮಾಪನ ಮಾಡಬೇಕೆಂದು ಹೇಳುತ್ತದೆ. ಇದಕ್ಕೆ ಅನುಗುಣವಾಗಿ ರಾಜ್ಯದಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಳಕೆಗೆ ಬಂದು, ವರ್ಷಕ್ಕೆ 4 ರೂಪಣಾತ್ಮಕ ಹಾಗೂ 2 ಸಂಕಲನಾತ್ಮಕ ಮೌಲ್ಯಮಾಪನಗಳ ಕ್ರಮ ರೂಢಿಯಾಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಸ್ವಮೌಲ್ಯಮಾಪನವನ್ನೂ ಸಹಪಾಠಿಗಳ ಮೌಲ್ಯಮಾಪನವನ್ನೂ ಒಳಗೊಂಡ ಸಮಗ್ರ ಪ್ರಗತಿ ಪತ್ರವನ್ನು ಸೂಚಿಸಿದೆ.

ಪರೀಕ್ಷೆ ಮತ್ತು ನಿರಂತರ ಮೌಲ್ಯಮಾಪನಗಳ ನಡುವಿನ ಚರ್ಚೆ ಇನ್ನೂ ಮುಗಿದಿಲ್ಲ. 2024ರಲ್ಲಿ 5, 8 ಮತ್ತು 9ನೆಯ ತರಗತಿಗಳಿಗೆ ರಾಜ್ಯ ಮಟ್ಟದ ಮೌಲ್ಯಾಂಕನ ನಡೆಸಿದ ಸರ್ಕಾರದ ಕ್ರಮವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ತಲುಪಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶದ ಪ್ರಕಟಣೆಯನ್ನು ತಡೆಹಿಡಿಯಿತು.

ದಾಖಲೆಯ ವಿಧಗಳು

ಘಟನಾ ದಾಖಲೆ: ಒಂದು ಅರ್ಥಪೂರ್ಣ ಪ್ರಸಂಗವನ್ನು ದಿನಾಂಕ, ವೇಳೆ, ಸ್ಥಳ ಮತ್ತು ಸನ್ನಿವೇಶಗಳೊಂದಿಗೆ ನಾಲ್ಕೈದು ವಾಕ್ಯಗಳಲ್ಲಿ ಬರೆಯುವುದು. ಮಗುವಿನ ಮಾತನ್ನು ತಿದ್ದದೆ, ಅದು ಆಡಿದಂತೆಯೇ ಬರೆಯಬೇಕು.

ತಪಶೀಲು ಪಟ್ಟಿ: ನಿರೀಕ್ಷಿತ ವರ್ತನೆಗಳನ್ನು ಮೊದಲೇ ಪಟ್ಟಿಮಾಡಿ, ಕಂಡುಬಂದುದಕ್ಕೆ ಗುರುತು ಹಾಕುವುದು. ವರ್ತನೆ ಇತ್ತೇ ಇಲ್ಲವೇ ಎಂಬುದನ್ನು ಇದು ತಿಳಿಸುತ್ತದೆ. ಎಷ್ಟು ಚೆನ್ನಾಗಿತ್ತು ಎಂಬುದನ್ನು ತಿಳಿಸುವುದಿಲ್ಲ.

ದರ್ಜಾ ಮಾಪನ: ವರ್ತನೆಯ ಮಟ್ಟವನ್ನು 3 ಅಥವಾ 5 ಹಂತಗಳಲ್ಲಿ ಸೂಚಿಸುವುದು. ‘ಉತ್ತಮ’, ‘ಸಾಧಾರಣ’ ಎಂಬ ಬರಿಯ ಪದಗಳಿಗಿಂತ ಪ್ರತಿ ಹಂತಕ್ಕೂ ಕಣ್ಣಿಗೆ ಕಾಣುವ ವಿವರಣೆಯನ್ನು ಕೊಟ್ಟಾಗ ಇದು ಹೆಚ್ಚು ಉಪಯುಕ್ತ.

ಕಾಲ ಪ್ರತಿಚಯನ ಮತ್ತು ಘಟನಾ ಪ್ರತಿಚಯನ: ಮೊದಲನೆಯದರಲ್ಲಿ ನಿಗದಿತ ಅಂತರಗಳಲ್ಲಿ ಮಗು ಏನು ಮಾಡುತ್ತಿದೆಯೆಂದು ಗುರುತಿಸಲಾಗುತ್ತದೆ, ಎರಡನೆಯದರಲ್ಲಿ ಒಂದು ನಿರ್ದಿಷ್ಟ ವರ್ತನೆ ಎಷ್ಟು ಬಾರಿ ನಡೆಯಿತೆಂದು ಎಣಿಸಲಾಗುತ್ತದೆ.

ಪೂರ್ವಸ್ಥಿತಿ–ವರ್ತನೆ–ಪರಿಣಾಮ ದಾಖಲೆ: ವರ್ತನೆಗೆ ಮುನ್ನ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬುದನ್ನು ಮೂರು ಅಂಕಣಗಳಲ್ಲಿ ಬರೆಯುವುದು. ಪದೇ ಪದೇ ಎದುರಾಗುವ ಸಮಸ್ಯೆಯ ಕಾರಣವನ್ನು ಹುಡುಕಲು ಇದು ನೆರವಾಗುತ್ತದೆ.

ವರದಿ ಮತ್ತು ತೀರ್ಪು

ವಸ್ತುನಿಷ್ಠ ದಾಖಲೆಯ ಮೂಲತತ್ತ್ವವೆಂದರೆ ಕಂಡದ್ದನ್ನೂ ಅದರಿಂದ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯುವುದು. ‘ಸೋಮಾರಿ’, ‘ಹಟಮಾರಿ’, ‘ದಡ್ಡ’, ‘ಚುರುಕು’ ಎಂಬ ಪದಗಳು ವರ್ತನೆಯನ್ನು ವರ್ಣಿಸುವುದಿಲ್ಲ; ಅವು ತೀರ್ಪನ್ನು ಹೇಳುತ್ತವೆ. ಹೊಗಳಿಕೆಗೂ ಈ ಮಾತು ಅನ್ವಯಿಸುತ್ತದೆ. ದಾಖಲೆಯ ಹಾಳೆಯಲ್ಲಿ ಎಡಭಾಗವನ್ನು ಘಟನೆಗೂ ಬಲಭಾಗವನ್ನು ಶಿಕ್ಷಕರ ಟಿಪ್ಪಣಿಗೂ ಮೀಸಲಿಡುವುದು ಸರಳವಾದ ಉಪಾಯ. ಟಿಪ್ಪಣಿ ತಪ್ಪೆಂದು ಮುಂದೆ ತಿಳಿದುಬಂದರೂ ಘಟನೆಯ ವಿವರ ಉಳಿದಿರುತ್ತದೆ ಮತ್ತು ಅದನ್ನು ಬೇರೆಯವರು ಹೊಸದಾಗಿ ಅರ್ಥೈಸಬಹುದು.

ಉದಾಹರಣೆಗಳು

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಒಂದು ಶಾಲೆಯ ಸನ್ನಿವೇಶವನ್ನು ಕಲ್ಪಿಸಿಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 4ನೆಯ ತರಗತಿಯ ಬಾಲಕನೊಬ್ಬನ ವಿಷಯದಲ್ಲಿ ‘ಪಾಠದಲ್ಲಿ ಆಸಕ್ತಿಯಿಲ್ಲ, ಕರೆದರೆ ಓಗೊಡುವುದಿಲ್ಲ’ ಎಂದು ಬರೆದರೆ ಅದು ತೀರ್ಪು. ಅದೇ ಪ್ರಸಂಗದ ವಸ್ತುನಿಷ್ಠ ದಾಖಲೆ ಹೀಗಿರಬಹುದು: ‘ಬೆಳಿಗ್ಗೆ 10.40, ಗಣಿತ, ಕೊನೆಯ ಸಾಲು. ಶಿಕ್ಷಕಿ ಕಪ್ಪುಹಲಗೆಯ ಕಡೆ ತಿರುಗಿ, ಪುಸ್ತಕ ತೆಗೆಯಿರಿ ಎಂದರು. ಬಾಲಕ ಕೈಕಟ್ಟಿ ಕುಳಿತಿದ್ದ. ಪಕ್ಕದವನು ಪುಸ್ತಕ ತೆಗೆದುದನ್ನು ನೋಡಿ ತಾನೂ ತೆಗೆದ. 10.46ಕ್ಕೆ ಹಿಂದಿನಿಂದ ಹೆಸರು ಕರೆದಾಗ ತಿರುಗಲಿಲ್ಲ. ಎದುರಿಗೆ ನಿಂತು ಲೆಕ್ಕ ಕೇಳಿದಾಗ ಸರಿಯಾದ ಉತ್ತರ ಹೇಳಿದ.’ ಎರಡು ವಾರಗಳಲ್ಲಿ ಇಂತಹ ನಾಲ್ಕು ದಾಖಲೆಗಳು ಸೇರಿದರೆ, ಪ್ರಶ್ನೆ ಆಸಕ್ತಿಯದಲ್ಲ, ಶ್ರವಣದ್ದಿರಬಹುದು ಎಂಬ ಸಂದೇಹ ಮೂಡುತ್ತದೆ. ಆಗ ಶಿಕ್ಷಕರು ತಾವೇ ರೋಗನಿರ್ಣಯ ಮಾಡದೆ, ಪೋಷಕರಿಗೆ ತಿಳಿಸಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ತಂಡದ ಗಮನಕ್ಕೆ ತರಬಹುದು. ‘ಆಸಕ್ತಿಯಿಲ್ಲ’ ಎಂಬ ಒಂದೇ ಸಾಲು ಉಳಿದಿದ್ದರೆ ಆ ಮಗು ಮುಂದಿನ ತರಗತಿಗೂ ಅದೇ ಹಣೆಪಟ್ಟಿಯನ್ನು ಹೊತ್ತು ಹೋಗುತ್ತಿತ್ತು.

ಮನೆಮಾತಿನ ಪ್ರಶ್ನೆಯೂ ಮುಖ್ಯವಾದುದು. ತಾಂಡಾಗಳಿಂದ ಬರುವ, ಲಂಬಾಣಿ ಮನೆಮಾತಿನ ಮಗುವೊಂದು ಕನ್ನಡದ ಪ್ರಶ್ನೋತ್ತರದಲ್ಲಿ ಮೌನವಾಗಿದ್ದು, ಮೈದಾನದಲ್ಲಿ ಗೆಳೆಯರಿಗೆ ಆಟದ ನಿಯಮಗಳನ್ನು ತನ್ನ ನುಡಿಯಲ್ಲಿ ವಿವರಿಸುತ್ತಿರಬಹುದು. ಮಗು ಯಾವ ಭಾಷೆಯಲ್ಲಿ, ಯಾರೊಡನೆ ಮಾತನಾಡಿತು ಎಂಬುದನ್ನು ದಾಖಲಿಸದಿದ್ದರೆ ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಭಾವಿಸುವ ಅಪಾಯವಿದೆ. ಉರ್ದು ಮನೆಮಾತಿನ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ಹೊರಸಂಚಾರಗಳು ವೀಕ್ಷಣೆಗೆ ಬೇರೊಂದು ಅವಕಾಶವನ್ನು ಒದಗಿಸುತ್ತವೆ. ಅರಸೀಕೆರೆಯ ಹೊಯ್ಸಳರ ಕಾಲದ ಶಿವಾಲಯದಲ್ಲಿ ನಕ್ಷತ್ರಾಕಾರದ ವಿನ್ಯಾಸದ ಮೂಲೆಗಳನ್ನು ಎಣಿಸುವುದು, ಬೇಲೂರು ಅಥವಾ ಹಳೇಬೀಡಿನ ಶಿಲ್ಪಪಟ್ಟಿಕೆಯಲ್ಲಿ ಆನೆಗಳ ಸಾಲನ್ನು ಗುರುತಿಸಿ ಚಿತ್ರ ಬರೆಯುವುದು ಮುಂತಾದ ಕೆಲಸಗಳಲ್ಲಿ ತರಗತಿಯೊಳಗೆ ಕಾಣದ ಸಾಮರ್ಥ್ಯಗಳು ಹೊರಬರಬಹುದು. ಒಂದೇ ಮಗುವನ್ನು ಬೇರೆ ಬೇರೆ ವೇಳೆಯಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ ಗಮನಿಸಬೇಕೆಂಬ ನಿಯಮಕ್ಕೆ ಕಾರಣ ಇದೇ.

ಸಾಮಾನ್ಯ ದೋಷಗಳು

ಪ್ರಭಾವಲಯ ದೋಷ: ಒಂದು ಗುಣದ ಬಗೆಗಿನ ಅಭಿಪ್ರಾಯ ಉಳಿದ ಗುಣಗಳ ಮೌಲ್ಯಮಾಪನಕ್ಕೂ ಹರಡುವುದು. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ವಿವರಿಸಿದನು. ಅಕ್ಷರ ದುಂಡಗಿರುವ ಮಗುವನ್ನು ಪ್ರಾಮಾಣಿಕನೆಂದೂ ಭಾವಿಸುವುದು ಇದಕ್ಕೆ ನಿದರ್ಶನ.

ನಿರೀಕ್ಷಾ ದೋಷ: ಶಿಕ್ಷಕರ ನಿರೀಕ್ಷೆಯೇ ಮಗುವಿನ ಸಾಧನೆಯ ಮೇಲೆ ಪ್ರಭಾವ ಬೀರಬಹುದೆಂದು ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರತಿಪಾದಿಸಿದರು. ಅವರ ಅಧ್ಯಯನದ ವಿಧಾನ ಟೀಕೆಗೆ ಒಳಗಾಗಿದ್ದರೂ ಪ್ರಶ್ನೆ ಜೀವಂತವಾಗಿದೆ. ಅಣ್ಣನನ್ನೋ ಅಕ್ಕನನ್ನೋ ಬಲ್ಲ ಶಿಕ್ಷಕರು ತಮ್ಮನಲ್ಲಿಯೂ ಅದನ್ನೇ ಕಾಣುವುದು, ಜಾತಿ, ಲಿಂಗ, ಉಡುಪುಗಳಿಂದ ಪೂರ್ವಗ್ರಹ ಹೊಂದುವುದು ಇದೇ ಬಗೆಯವು.

ಔದಾರ್ಯ ಮತ್ತು ಮಧ್ಯಪ್ರವೃತ್ತಿ ದೋಷಗಳು: ಎಲ್ಲರಿಗೂ ಮೇಲಿನ ದರ್ಜೆಯನ್ನೇ ಅಥವಾ ನಡುವಿನ ದರ್ಜೆಯನ್ನೇ ಕೊಡುವುದು.

ಸ್ಮರಣ ದೋಷ: ತಿಂಗಳ ಕೊನೆಯಲ್ಲಿ ಎಲ್ಲ ದಾಖಲೆಗಳನ್ನೂ ನೆನಪಿನಿಂದ ಒಟ್ಟಿಗೆ ತುಂಬುವುದು. ಇಂತಹ ದಾಖಲೆ ಕಾಗದಪತ್ರದ ಅಗತ್ಯವನ್ನು ಪೂರೈಸಬಹುದೇ ಹೊರತು ಮಗುವಿಗೆ ಪ್ರಯೋಜನವಿಲ್ಲ.

ವಿಶ್ವಾಸಾರ್ಹತೆ

ಇಬ್ಬರು ವೀಕ್ಷಕರು ಒಂದೇ ವರ್ತನೆಯನ್ನು ಸ್ವತಂತ್ರವಾಗಿ ದಾಖಲಿಸಿ ಹೋಲಿಸುವುದು ವಿಶ್ವಾಸಾರ್ಹತೆಯನ್ನು ಪರೀಕ್ಷಿಸುವ ಸುಲಭ ಮಾರ್ಗ. 10 ನಿಮಿಷಗಳನ್ನು 30 ಸೆಕೆಂಡುಗಳ 20 ಅವಧಿಗಳಾಗಿ ವಿಂಗಡಿಸಿ, ಅವುಗಳಲ್ಲಿ 17ರಲ್ಲಿ ಇಬ್ಬರ ಗುರುತೂ ಒಂದೇ ಆಗಿದ್ದರೆ ಒಪ್ಪಿಗೆಯ ಪ್ರಮಾಣ ಶೇ. 85. ಆಕಸ್ಮಿಕವಾಗಿ ಉಂಟಾಗುವ ಒಪ್ಪಿಗೆಯನ್ನು ಕಳೆದು ಲೆಕ್ಕಹಾಕಲು ಜೇಕಬ್ ಕೋಹೆನ್ 1960ರಲ್ಲಿ ‘ಕಪ್ಪಾ’ ಎಂಬ ಗುಣಾಂಕವನ್ನು ಸೂಚಿಸಿದನು. ಒಪ್ಪಿಗೆ ಕಡಿಮೆಯಿದ್ದರೆ ಸಾಮಾನ್ಯವಾಗಿ ವರ್ತನೆಯ ವ್ಯಾಖ್ಯೆಯೇ ಅಸ್ಪಷ್ಟವಾಗಿರುತ್ತದೆ. ‘ಗಮನ ಕೊಡುವುದು’ ಎಂಬುದಕ್ಕಿಂತ ‘ಪುಸ್ತಕ, ಹಲಗೆ ಅಥವಾ ಮಾತನಾಡುತ್ತಿರುವವರ ಕಡೆ ನೋಡುವುದು’ ಎಂಬುದು ಎಣಿಕೆಗೆ ಒದಗುತ್ತದೆ.

ನೈತಿಕ ಅಂಶಗಳು

ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ವರ್ತನಾ ದಾಖಲೆಯನ್ನು ತರಗತಿಯ ಮುಂದೆ ಓದಿ ಅವಮಾನಿಸುವುದು, ಬೆದರಿಕೆಯ ಸಾಧನವಾಗಿ ಬಳಸುವುದು ಅದರ ಆಶಯಕ್ಕೆ ವಿರುದ್ಧ. ದಾಖಲೆಗಳನ್ನು ಸಂಬಂಧಪಟ್ಟ ಶಿಕ್ಷಕರು ಮತ್ತು ಪೋಷಕರಿಗಷ್ಟೇ ತೋರಿಸುವುದು, ಬೇರೆ ಮಕ್ಕಳ ಹೆಸರನ್ನು ಅದರಲ್ಲಿ ಬರೆಯದಿರುವುದು ಹಾಗೂ ದೋಷಗಳೊಂದಿಗೆ ಪ್ರಗತಿಯನ್ನೂ ದಾಖಲಿಸುವುದು ಪಾಲಿಸಬೇಕಾದ ಕ್ರಮಗಳು.

ಮಿತಿಗಳು

ವೀಕ್ಷಣೆಗೆ ಸಮಯ ಬೇಕು. ಕಾಯ್ದೆಯ ಅನುಸೂಚಿಯು 1ರಿಂದ 5ನೆಯ ತರಗತಿಗಳಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರನ್ನು ನಿಗದಿಪಡಿಸುತ್ತದೆ. ಇಬ್ಬರೇ ಐದು ತರಗತಿಗಳನ್ನು ನಡೆಸುವ ಶಾಲೆಯಲ್ಲಿ ಪ್ರತಿ ಮಗುವಿನ ದೈನಂದಿನ ದಾಖಲೆ ಅಸಾಧ್ಯ. ದಿನಕ್ಕೆ ಮೂರು ಮಕ್ಕಳನ್ನು ಸರದಿಯ ಮೇಲೆ ಗಮನಿಸಿದರೆ 30 ಮಕ್ಕಳ ಸರದಿ 10 ಶಾಲಾ ದಿನಗಳಲ್ಲಿ ಮುಗಿಯುತ್ತದೆ. ತಾವು ಗಮನಿಸಲ್ಪಡುತ್ತಿದ್ದೇವೆಂದು ತಿಳಿದ ಮಕ್ಕಳು ಸಹಜವಾಗಿ ವರ್ತಿಸದಿರಬಹುದು. ಮನಸ್ಸಿನೊಳಗಿನ ಭಾವನೆಗಳು ನೇರವಾಗಿ ಕಾಣುವುದಿಲ್ಲವಾದ್ದರಿಂದ ವೀಕ್ಷಣೆಯು ಮಗುವಿನೊಡನೆ ಸಂಭಾಷಣೆ, ಪೋಷಕರ ಭೇಟಿ, ಲಿಖಿತ ಕೆಲಸ ಮತ್ತು ಪರೀಕ್ಷೆಗಳಿಗೆ ಪೂರಕವೇ ಹೊರತು ಅವುಗಳಿಗೆ ಬದಲಿಯಲ್ಲ.

ಇವನ್ನೂ ನೋಡಿ

ನಲಿ-ಕಲಿ
ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ
ಶಿಕ್ಷಣ ಮನೋವಿಜ್ಞಾನ